ಹೆರಿಗೆ ಕೋಣೆಯ ಫ್ರಿಜ್ಜು ಮತ್ತು ಕೂಸು ಬಂದ ಮೇಲಿನ ಒಂದು ನಿಮಿಷ

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಸ್ಟಾಫ್ ನರ್ಸ್. ಹೆರಿಗೆ ಕೋಣೆಯ ಔಷಧಗಳಲ್ಲಿ ಒಂದನ್ನಷ್ಟೇ ಇಟ್ಟುಕೋ ಅಂತ ಯಾರಾದರೂ ಹೇಳಿದರೆ ನಾನು ಗರ್ಭಕೋಶವನ್ನು ಬಿಗಿದು ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಆಂಪೂಲನ್ನೇ, ಅಂದರೆ ಆ ಔಷಧದ ಸಣ್ಣ ಗಾಜಿನ ಶೀಶೆಯನ್ನೇ ಹಿಡಿದುಕೊಳ್ಳುತ್ತೇನೆ. ಆದರೆ ಅದು ತಾಯಿಯನ್ನು ಉಳಿಸಬೇಕೆಂದರೆ ತಣ್ಣಗಿರಬೇಕು, ಮತ್ತು ಕೂಸು ಹೊರಗೆ ಬಂದ ಮೇಲೆಯೇ ಮೈಗೆ ಹೋಗಬೇಕು. ಈ ಎರಡನ್ನೂ ತಪ್ಪದೆ ಮಾಡುವುದನ್ನು ನಮ್ಮ ಕೋಣೆಯಲ್ಲಿ ರೂಢಿ ಮಾಡಿದ್ದು ಹೇಗೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಫ್ರಿಜ್ಜು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಕ್ಸಿಟೋಸಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿ ತಾಗಿ ಶಕ್ತಿ ಕಳೆದುಕೊಂಡ ಔಷಧವೂ ನೋಡಲು ನೀರಿನಷ್ಟೇ ತಿಳಿಯಾಗಿರುತ್ತದೆ. ಪೋಲಿಯೋ ಲಸಿಕೆಯ ಬಾಟಲಿಯ ಮೇಲಿರುವಂಥ ಬಣ್ಣ ಬದಲಾಗುವ ಗುರುತು ನಮಗೆ ಬರುವ ಆಂಪೂಲಿಗೆ ಇಲ್ಲ. ಕಣ್ಣಿಗೆ ಕಾಣದ್ದನ್ನು ಕಾಯುವುದಕ್ಕೆ ಥರ್ಮಾಮೀಟರ್ ಒಂದೇ ದಾರಿ. ಹಾಗಾಗಿ ಬೆಳಗಿನ ಪಾಳಿಯವರು ಒಮ್ಮೆ, ಸಂಜೆಯ ಪಾಳಿಯವರು ಒಮ್ಮೆ ಅಂಕಿ ನೋಡಿ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದು ಸಹಿ ಮಾಡುತ್ತೇವೆ. ಆಂಪೂಲುಗಳ ಡಬ್ಬಿ ನಡುವಿನ ತಟ್ಟೆಯಲ್ಲಿರುತ್ತದೆ. ಬಾಗಿಲಿನ ಗೂಡಿನಲ್ಲಿ ಇಡುವುದಿಲ್ಲ, ಏಕೆಂದರೆ ಬಾಗಿಲು ತೆಗೆದಾಗಲೆಲ್ಲ ಅಲ್ಲಿಗೆ ಬಿಸಿಗಾಳಿ ಹೊಡೆಯುತ್ತದೆ. ಫ್ರೀಜರಿನಲ್ಲಿ ಇಡುವಂತೆಯೇ ಇಲ್ಲ. ಕರೆಂಟು ಬಹಳ ಹೊತ್ತು ಹೋದರೆ ಲಸಿಕೆ ಒಯ್ಯುವ ತಂಪು ಪೆಟ್ಟಿಗೆ, ಅಂದರೆ ವ್ಯಾಕ್ಸಿನ್ ಕ್ಯಾರಿಯರ್ ತೆಗೆದು, ಐಸ್ ಪ್ಯಾಕುಗಳು ಹೊರಗಡೆ ಸ್ವಲ್ಪ ಬೆವತ ಮೇಲೆ ಜೋಡಿಸಿ, ಡಬ್ಬಿಯನ್ನು ಅದರೊಳಗೆ ಇಳಿಸುತ್ತೇವೆ. ಇದು ಗುಮಾಸ್ತೆ ಕೆಲಸ ಅನ್ನಿಸಬಹುದು. ನನ್ನ ಮಟ್ಟಿಗೆ ಹೆರಿಗೆಯ ಅರ್ಧ ಕೆಲಸ ಇಲ್ಲೇ ಮುಗಿದಿರುತ್ತದೆ.

ಉಳಿದರ್ಧ ಆ ಒಂದು ನಿಮಿಷದ್ದು. ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ಆ ರಕ್ತನಾಳಗಳ ಬಾಯಿ ತೆರೆದುಕೊಳ್ಳುತ್ತದೆ. ಸುತ್ತ ಹೆಣೆದುಕೊಂಡಿರುವ ಸ್ನಾಯು ಎಳೆಗಳು ಬಿಗಿದರೆ ಮಾತ್ರ ಬಾಯಿ ಮುಚ್ಚೀತು. ಬಿಗಿಯದಿದ್ದರೆ ನಮ್ಮೆದುರಿಗೇ ಬಾಣಂತಿ ಬಿಳುಚಿಕೊಳ್ಳುತ್ತಾಳೆ. ನಮ್ಮ ಭಾಗದ ಹೆಂಗಸರಲ್ಲಿ ರಕ್ತಹೀನತೆ ಹೆಚ್ಚು. ಹಿಮೋಗ್ಲೋಬಿನ್ 7-8 ಇಟ್ಟುಕೊಂಡೇ ಹತ್ತಿ ಬಿಡಿಸಿ ಬಂದವರು ಹೆರಿಗೆಗೆ ಬರುತ್ತಾರೆ. ಮೈಯಲ್ಲಿ ರಕ್ತವಿದ್ದವಳು ತಡೆದುಕೊಳ್ಳುವಷ್ಟು ಸ್ರಾವ ಇವರಿಗೆ ಪ್ರಾಣಕ್ಕೇ ಬರುತ್ತದೆ.

ಕೂಸಿನ ತಲೆ ಕಾಣಿಸಿಕೊಳ್ಳುವ ಹೊತ್ತಿಗೆ ಸಿರಿಂಜು ತುಂಬಿ ಟ್ರೇಯಲ್ಲಿ ಸಿದ್ಧವಾಗಿರಬೇಕು, ಮೇಲೆ ಹೆಸರಿನ ಪಟ್ಟಿ ಅಂಟಿರಬೇಕು. ನಮಗೆ ಬರುವ ಆಂಪೂಲು 5 ಯೂನಿಟ್ಟಿನದು. ಕೊಡಬೇಕಾದದ್ದು 10 ಯೂನಿಟ್, ಅಂದರೆ ಎರಡು ಆಂಪೂಲು. ಹೊಸದಾಗಿ ಬಂದ ಸಿಸ್ಟರುಗಳಿಗೆ ನಾನು ಮೊದಲ ದಿನ ಹೇಳುವುದೇ ಇದನ್ನು. ಕೂಸು ಬಂದ ಕೂಡಲೇ ಒರೆಸಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ, ಒಳಗೆ ಇನ್ನೊಂದು ಕೂಸಿಲ್ಲ ಎಂದು ಕೈಯಿಂದ ಮುಟ್ಟಿ ನೋಡಿಕೊಂಡು, ಜೊತೆಗಿರುವವರು ತೊಡೆಯ ಸ್ನಾಯುವಿಗೆ ಸೂಜಿ ಕೊಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಗರ್ಭಕೋಶ ಬಿಗಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುತ್ತದೆ, ಕತ್ತರಿಸುತ್ತೇವೆ. ಮಾಸು ಬಿದ್ದ ಮೇಲೆ ಹೊಕ್ಕುಳದ ಹತ್ತಿರ ಕೈಯಿಟ್ಟರೆ ಗರ್ಭಕೋಶ ಚೆಂಡಿನಂತೆ ಗಟ್ಟಿಯಾಗಿ ಸಿಗಬೇಕು. ಮುಂದಿನ ಎರಡು ತಾಸು ಕಾಲು ಕಾಲು ತಾಸಿಗೆ ಕೈಯಿಟ್ಟು ನೋಡುತ್ತಲೇ ಇರುತ್ತೇವೆ. ಕೂಸಿಗೆ ಆಗಲೇ ಮೊಲೆ ಹಿಡಿಸುತ್ತೇವೆ. ಕೂಸು ಚೀಪಿದಾಗ ತಾಯಿಯ ಮಿದುಳಿನಿಂದ ಇದೇ ಹಾರ್ಮೋನು ಹೊರಟು ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಬಿಗಿಯುತ್ತದೆ.

ಕಷ್ಟವಾದದ್ದು ಸೂಜಿಯನ್ನು ಮೊದಲೇ ಕೊಡದೆ ಇರುವುದು. ರಾತ್ರಿ ಪಾಳಿಯಲ್ಲಿ ಬಾಗಿಲ ಹತ್ತಿರ ನಿಂತ ಅತ್ತೆ ಕೇಳುತ್ತಾರೆ: "ಯಕ್ಕಾ, ಒಂದ್ ಬ್ಯಾನಿ ಸೂಜಿ ಮಾಡ್ರಲ್ಲ, ಹುಡುಗಿ ಭಾಳ ಒದ್ದ್ಯಾಡಾಕತ್ಯಾಳ." ನಾನು ಹೊರಗೆ ಬಂದು ಅವರ ಪಕ್ಕದಲ್ಲೇ ಕೂತು ಹೇಳುತ್ತೇನೆ: "ಯವ್ವಾ, ಆ ಸೂಜಿ ಕೂಸು ಬಂದ ಮ್ಯಾಲ ಮಾಡ್ತೀನಿ. ಮೊದಲ ಮಾಡಿದ್ರ ಬ್ಯಾನಿ ಬಿಡುವೇ ಕೊಡಂಗಿಲ್ಲ, ಕೂಸಿಗೆ ಉಸಿರು ಸಾಲಂಗಿಲ್ಲ, ಗರ್ಭಚೀಲ ಹರದರ ಇಬ್ಬರೂ ಹೋಗ್ತಾರ." ಬೆದರಿಸಲು ಆಡುವ ಮಾತಲ್ಲ ಇದು. ಪ್ರತಿ ಬ್ಯಾನಿಯ ನಡುವಿನ ಬಿಡುವಿನಲ್ಲೇ ಕೂಸಿಗೆ ರಕ್ತ ಹರಿಯುವುದು. ಹೆರಿಗೆ ಮುಂದೆ ಸಾಗದಿದ್ದಾಗ ಆಕ್ಸಿಟೋಸಿನ್ ಡ್ರಿಪ್ ಹಾಕುವುದುಂಟು. ಆದರೆ ಅದು ಹನಿ ಎಣಿಸುತ್ತ, ಕೂಸಿನ ಎದೆಬಡಿತ ಕೇಳುತ್ತ, ಸಿಸೇರಿಯನ್ ಮಾಡುವ ಡಾಕ್ಟರು ಪಕ್ಕದಲ್ಲಿರುವ ದೊಡ್ಡ ಆಸ್ಪತ್ರೆಯ ಕೆಲಸ. ಹಳ್ಳಿಯಲ್ಲಿ ಯಾರೋ ಮನೆಗೆ ಬಂದು ಒಂದು ಆಂಪೂಲು ಒಡೆದು ಚುಚ್ಚಿ ಹೋಗುವುದನ್ನು ನಾನು ಅಪರಾಧ ಎಂದೇ ಕರೆಯುತ್ತೇನೆ.

ಎಮ್ಮೆಗೆಂದು ಕೇಳಲು ಬರುವವರೂ ಇದ್ದಾರೆ. ಹಾಲು ಬೇಗ ಇಳಿಯಲಿ ಎಂದು ದನಗಳಿಗೆ ಚುಚ್ಚುವ ಈ ರೂಢಿಯಿಂದಲೇ 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸಬಾರದು, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದೇ ತಯಾರಿಸಲಿ ಎಂದು ಆದೇಶಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ದನಗಳಿಗೆ ಚುಚ್ಚುವುದು ನಿಲ್ಲಲೇಬೇಕು. ಆದರೆ ದೇಶದ ಹೆರಿಗೆ ಕೋಣೆಗಳೆಲ್ಲ ಒಂದೇ ಕಾರ್ಖಾನೆಯನ್ನು ನಂಬಿ ಕೂರುವುದು ಸರಿಯಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಾವು ಒಡೆದ ಪ್ರತಿ ಆಂಪೂಲಿನ ಲೆಕ್ಕ ರಿಜಿಸ್ಟರಿನಲ್ಲಿಡುತ್ತೇವೆ.

ಈ ಔಷಧದ ಕಥೆ ದೊಡ್ಡದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಗರ್ಭಕೋಶವನ್ನು ಬಿಗಿಯುತ್ತದೆ ಎಂದು ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. ಒಂಬತ್ತು ಅಮೈನೊ ಆಮ್ಲಗಳ ಈ ಸಣ್ಣ ಸರಪಳಿಯನ್ನು ವಿನ್ಸೆಂಟ್ ಡು ವಿಗ್ನೊ 1953ರಲ್ಲಿ ಪ್ರಯೋಗಾಲಯದಲ್ಲೇ ಕಟ್ಟಿದರು, 1955ರಲ್ಲಿ ನೊಬೆಲ್ ಬಂತು. ಈಚೆಗೆ ಮೊಬೈಲಿನಲ್ಲಿ ಪ್ರೀತಿಯ ಹಾರ್ಮೋನು ಎಂದು ಓದಿ, ಆಟಿಸಂ ಇರುವ ಮಗುವಿಗೆ ಇದರ ಮೂಗಿನ ಸ್ಪ್ರೇ ಸಿಗುತ್ತದೆಯೇ ಎಂದು ಕೇಳುವ ತಂದೆತಾಯಿಗಳಿದ್ದಾರೆ. 2021ರಲ್ಲಿ ಅಮೆರಿಕದಲ್ಲಿ 290 ಮಕ್ಕಳ ಮೇಲೆ 24 ವಾರ ನಡೆದ ಪರೀಕ್ಷೆಯಲ್ಲಿ, ಬೆರೆಯುವ ನಡವಳಿಕೆಯಲ್ಲಿ ಔಷಧವೇ ಇಲ್ಲದ ಬರೀ ಸ್ಪ್ರೇಗಿಂತ ಇದು ಹೆಚ್ಚೇನೂ ಮಾಡಲಿಲ್ಲ. ಅವರ ಆಸೆ ನನಗೆ ಅರ್ಥವಾಗುತ್ತದೆ, ಆದರೂ ದುಡ್ಡು ಸುರಿಯಬೇಡಿ ಎಂದೇ ಹೇಳುತ್ತೇನೆ.

ನನ್ನ ಕೆಲಸವನ್ನು ಬದಲಿಸಿದ ಸಂಶೋಧನೆ ಬೇರೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಅಧ್ಯಯನ ಹೊರಬಂತು. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ, ಸ್ರಾವ ಹೆಚ್ಚಾದದ್ದು ಕಂಡ ಕೂಡಲೇ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತದ ಹೆಪ್ಪು ಕರಗದಂತೆ ಕಾಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಒಳಗಿನ ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದರೆ ತೀವ್ರ ರಕ್ತಸ್ರಾವದ ಅನಾಹುತಗಳು 60 ಶೇಕಡಾ ಇಳಿದವು. ಒಂದೊಂದೇ ಔಷಧ ಕೊಟ್ಟು ಕಾಯುವ ಪದ್ಧತಿಯನ್ನು ನಾವೂ ಬಿಟ್ಟೆವು. ಬಟ್ಟೆ ನೋಡಿ ಅಂದಾಜು ಮಾಡುವುದಕ್ಕೂ ಗೆರೆ ನೋಡಿ ಹೇಳುವುದಕ್ಕೂ ಬಹಳ ಅಂತರವಿದೆ, ಕಣ್ಣು ಯಾವಾಗಲೂ ಕಡಿಮೆಯೇ ಹೇಳುತ್ತದೆ. ಆಕ್ಸಿಟೋಸಿನ್ನಿನಂತೆಯೇ ಗರ್ಭಕೋಶವನ್ನು ಬಿಗಿಯುವ, ಆದರೆ ಬಿಸಿಲು ತಡೆಯುವ ಕಾರ್ಬೆಟೋಸಿನ್ ಎಂಬ ಔಷಧ ಕೂಡ ಬಂದಿದೆ. ಭಾರತವೂ ಸೇರಿ ಹತ್ತು ದೇಶಗಳ ಸುಮಾರು 30 ಸಾವಿರ ತಾಯಂದಿರ ಮೇಲೆ ನಡೆದ ಅದರ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು, 2019ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿತು. ಫ್ರಿಜ್ಜು ಬೇಡದ ಔಷಧ ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಿಗೆ ಮೊದಲು ಬರಬೇಕು.

ಸ್ರಾವ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಡ್ರಿಪ್ ಹಾಕಿಕೊಂಡೇ ಜಿಲ್ಲಾಸ್ಪತ್ರೆಗೆ ಕಳಿಸುತ್ತೇವೆ. ಹೊರಡುವ ಮುಂಚೆ ತಾಯಿ ಕಾರ್ಡಿನಲ್ಲಿ ಯಾವ ಔಷಧ, ಎಷ್ಟು ಯೂನಿಟ್, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕೊಟ್ಟೆವು ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತೇವೆ. ಅಲ್ಲಿಯ ಡಾಕ್ಟರು ಮುಂದಿನ ಔಷಧ ತೀರ್ಮಾನಿಸುವುದು ಆ ಸಾಲನ್ನು ನೋಡಿಯೇ.