ಗದ್ದೆಯಲ್ಲಿ ದಬ್ಬೆ ಹುಗಿದು ಲೈಸೆನ್ಸ್ ಪಡೆದೆ

ಏಪ್ರಿಲ್ ಕೊನೆಗೆ ನನ್ನ ಲೈಸೆನ್ಸ್ ಅಂಚೆಯಲ್ಲಿ ಮನೆಗೆ ಬಂತು. ಕೆಎ 31 ಎಂದು ಶುರುವಾಗುವ ಸಂಖ್ಯೆ, ಹತ್ತು ವರ್ಷದ ಅವಧಿ. ನನಗೀಗ ನಲವತ್ತಾರು. ಡ್ರೈವಿಂಗ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಏಜೆಂಟರ ಕೈಗೆ ಒಂದು ರೂಪಾಯಿ ಕೊಡಲಿಲ್ಲ. ಇದು ಆಗುವ ಕೆಲಸವಲ್ಲ ಎಂದು ಊರಲ್ಲಿ ಹೇಳದವರಿರಲಿಲ್ಲ. ಅಡಿಕೆ ಇಳಿಸಲು ಬಂದ ಕೊನೆಗೌಡ ಕೂಡ ಮರದ ಮೇಲಿಂದಲೇ, "ಅಮ್ಮಾ, ಗದ್ದೆಯಲ್ಲಿ ಕಲಿತದ್ದು ರಸ್ತೆಗೆ ಬರುವುದಿಲ್ಲ" ಎಂದಿದ್ದ.

ನಮ್ಮ ಮನೆಯವರಿಗೆ ಬೆನ್ನಿನ ಆಪರೇಷನ್ ಆದ ಮೇಲೆ ಹಳೆಯ ಆಲ್ಟೊ ಎರಡು ವರ್ಷ ಶೆಡ್ಡಿನಲ್ಲೇ ಇತ್ತು. ಸಿರ್ಸಿಗೆ ಹದಿನಾರು ಕಿಲೋಮೀಟರ್. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಾಡಿಗೆ ಕಾರಿಗೆ ಒಂದು ಸಲಕ್ಕೆ ಒಂಬೈನೂರು, ತಿಂಗಳಿಗೆ ಮೂರು ನಾಲ್ಕು ಸಲ. ಪೇಟೆಯ ತರಬೇತಿ ಶಾಲೆಯೊಂದರಲ್ಲಿ ವಿಚಾರಿಸಿದಾಗ ಕಲಿಸಲು ಏಳು ಸಾವಿರ, ಹಳ್ಳಿಯವರೆಗೆ ಬರಲು ಬೇರೆ, ಲೈಸೆನ್ಸ್ ಮಾಡಿಸಿಕೊಡಲು ಮತ್ತೆ ಬೇರೆ ಎಂದರು. ಎಲ್ಲ ಸೇರಿ ಹನ್ನೆರಡು ಸಾವಿರದ ಹತ್ತಿರ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನವೆಂದರೆ ಏಳೂವರೆ ತಾಸು. ಅದರಲ್ಲೂ ಕಲಿಸುವವರ ಕಾಲಡಿಯಲ್ಲಿ ಇನ್ನೊಂದು ಜೋಡಿ ಪೆಡಲ್ ಇರುತ್ತದೆ. ಕಾರು ನಿಂತದ್ದು ನನ್ನ ಕಾಲಿನಿಂದಲೋ ಅವರ ಕಾಲಿನಿಂದಲೋ ನನಗೆ ತಿಳಿಯುವುದು ಹೇಗೆ?

ಎಲ್‌ಎಲ್‌ಆರ್ ಎಂದರೆ ಕಲಿಯುವವರ ತಾತ್ಕಾಲಿಕ ಲೈಸೆನ್ಸ್, ಅದರ ವಿಷಯ ನಿಮಗೆಲ್ಲ ಗೊತ್ತೇ ಇದೆ. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರವೂ ಬೇಕು, ನಮೂನೆ 1ಎ, ಅದೊಂದನ್ನು ಮರೆಯಬೇಡಿ. ಶಾಲೆಯ ಸರ್ಟಿಫಿಕೇಟ್ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ ಎಂದು ಹೆದರಿಸಿದವರಿದ್ದರು. ಸ್ವಂತ ಬಳಕೆಯ ಕಾರಿಗೆ ಅದನ್ನು ಯಾರೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಅಂಗಳದ ತುಂಬ ಅಡಿಕೆ. ಹಾಗಾಗಿ ಕೊಯ್ಲು ಮುಗಿದ ಗದ್ದೆಯೇ ನನ್ನ ಮೈದಾನವಾಯಿತು. ಅಡಿಕೆ ದಬ್ಬೆಯನ್ನು, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಯನ್ನು, ಎದೆಯೆತ್ತರಕ್ಕೆ ಕಡಿದು, ತುದಿಗೆ ಬಿಳಿ ಬಟ್ಟೆ ಕಟ್ಟಿ, ಪರೀಕ್ಷೆಯಲ್ಲಿ ಹಿಂದೆ ಮುಂದೆ ಓಡಿಸಿ ತೋರಿಸಬೇಕಾದ 'ಎಚ್' ಆಕಾರದಲ್ಲಿ ಹುಗಿದೆ. ಆಲ್ಟೊದ ಅಗಲ ಸುಮಾರು ಐದು ಅಡಿ. ಮೊದಲು ಒಂಬತ್ತು ಅಡಿ ದಾರಿ ಬಿಟ್ಟೆ. ಮೊದಲ ದಿನವೇ ಹನ್ನೊಂದು ದಬ್ಬೆ ಮುರಿದವು. ಹತ್ತು ದಿನದ ಮೇಲೆ ಎಂಟು ಅಡಿ, ಜನವರಿಗೆ ಏಳು. ಏಳು ಅಡಿಯಲ್ಲಿ ಹಿಂದಕ್ಕೆ ಬಂದು ಒಂದು ದಬ್ಬೆಯೂ ಅಲುಗದ ದಿನ ಮೈದುನ ಕೆಳಗಿಳಿದು, ಸುತ್ತ ನಡೆದು ನೋಡಿ, "ಅತ್ತಿಗೆ, ಇದು ನನಗೂ ಬರುವುದಿಲ್ಲ" ಎಂದ. ಅವನು ಹದಿನೆಂಟು ವರ್ಷದಿಂದ ಕಾರು ಓಡಿಸುವವನು. ಹಿಂದೆ ಬರುವಾಗ ಕನ್ನಡಿಯಲ್ಲಿ ಯಾವ ದಬ್ಬೆ ಎಲ್ಲಿ ಕಂಡಾಗ ಸ್ಟೇರಿಂಗ್ ತಿರುಗಿಸಬೇಕು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಈ ನಡುವೆ 'ಎಲ್' ಫಲಕವನ್ನೂ ನಾನೇ ಮಾಡಲು ಹೊರಟೆ. ಹದಿನೆಂಟು ಸೆಂಟಿಮೀಟರ್ ಚೌಕದ ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ ಇರಬೇಕು. ಅಡಿಕೆ ಹಾಳೆಯನ್ನು, ಅಂದರೆ ಸೋಗೆಯ ಬುಡದ ಅಗಲ ಭಾಗವನ್ನು, ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಬಣ್ಣ ಬಳಿದೆ. ನೋಡಲು ಚೆಂದವಿತ್ತು, ಎರಡೇ ಬಿಸಿಲಿಗೆ ಸುರುಳಿ ಸುತ್ತಿತು. ಕೊನೆಗೆ ಪೇಟೆಯಿಂದ ನಲವತ್ತು ರೂಪಾಯಿಯ ಸ್ಟಿಕ್ಕರ್ ತಂದೆ.

ಫೆಬ್ರವರಿ ಕೊನೆಗೆ ಮೊದಲ ಪರೀಕ್ಷೆ. ನಮ್ಮ ಕಾರಿನ ವಿಮೆ ಮುಗಿದಿತ್ತು. ಎರಡೂವರೆ ಸಾವಿರ ಉಳಿಸಲು ಹೋಗಿ ಎಂಟುನೂರಕ್ಕೆ ಬೇರೆ ಕಾರನ್ನು ಬಾಡಿಗೆಗೆ ಪಡೆದೆ. ಅಲ್ಲೇ ಕೆಟ್ಟಿತು. ನಮ್ಮ ಕಾರಿನ ಕ್ಲಚ್ ಕೆಳಗೇ ಹಿಡಿಯುತ್ತದೆ, ಅದರದ್ದು ಬಹಳ ಮೇಲೆ. 'ಎಚ್' ಸಲೀಸಾಗಿ ಆಯಿತು. ಆದರೆ ರಸ್ತೆಯ ಏರಿನಲ್ಲಿ ನಿಲ್ಲಿಸಿ ಹೊರಡಿ ಎಂದಾಗ ಕಾರು ಮೂರು ಅಡಿ ಹಿಂದೆ ಜಾರಿ ಇಂಜಿನ್ ನಿಂತಿತು. ಬ್ರೇಕ್ ಇನ್‌ಸ್ಪೆಕ್ಟರ್ ಏನೂ ಹೇಳದೆ ಬರೆದುಕೊಂಡರು. ಮರುದಿನವೇ ವಿಮೆ ಕಟ್ಟಿದೆ. ಪರೀಕ್ಷೆಗೆ ಕಲಿತ ಕಾರಿನಲ್ಲೇ ಹೋಗಿ, ಸಾಲ ಮಾಡಿಯಾದರೂ.

ನನ್ನ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ತೋಟದಿಂದ ಮನೆಗೆ ಬರುವ ಮಣ್ಣಿನ ಏರು ಕಡಿದಾಗಿದೆ. ಅಲ್ಲಿ ಹಿಂದಿನ ಚಕ್ರಕ್ಕೆ ಮೊದಲು ಕಲ್ಲು ಇಟ್ಟು ನೋಡಿದೆ. ಕಾರು ಕಲ್ಲಿಗೆ ಒರಗುತ್ತದೆ, ಕಾಲು ಏನನ್ನೂ ಕಲಿಯುವುದಿಲ್ಲ. ತೆಂಗಿನಕಾಯಿ ಇಟ್ಟರೆ ಒಂದೋ ಸಿಡಿದು ಹೋಗುತ್ತದೆ, ಇಲ್ಲವೇ ಕಲ್ಲಿನ ಹಾಗೆಯೇ ತಡೆಯುತ್ತದೆ. ಆಗ ಒಣ ಅಡಿಕೆ ಹಾಳೆ ಹೊಳೆಯಿತು. ಚಕ್ರದ ಹಿಂದೆ ನಾಲ್ಕು ಬೆರಳು ಬಿಟ್ಟು ಹಾಳೆ ಹಾಸಬೇಕು. ಕಾರು ಅಷ್ಟು ಜಾರಿ ಅಂಚು ಮುಟ್ಟಿದರೂ ಚರ್ ಎನ್ನುತ್ತದೆ. ಪೂರಾ ಹತ್ತಿದರೆ ಫಟಾರನೆ ಒಡೆಯುತ್ತದೆ. ಎಷ್ಟು ಜಾರಿದೆ ಎಂದು ತಿರುಗಿ ನೋಡಬೇಕಾಗಿಲ್ಲ, ಕಿವಿಯೇ ಹೇಳುತ್ತದೆ. ಇಬ್ಬನಿ ಕುಡಿದ ಹಾಳೆ ಸದ್ದು ಮಾಡುವುದಿಲ್ಲ, ಆದ್ದರಿಂದ ಅಟ್ಟದ ಮೇಲಿನದ್ದನ್ನೇ ತೆಗೆಯಿರಿ. ಮೊದಲ ವಾರ ಮೂವತ್ತು ನಲವತ್ತು ಹಾಳೆ ಪುಡಿಯಾಗಿರಬಹುದು. ಅದರ ಜೊತೆಗೆ ಕ್ಲಚ್ ಪ್ಲೇಟೂ ಸುಟ್ಟಿತು. ಆ ಕಮಟು ವಾಸನೆ ಜಗಲಿಯವರೆಗೆ ಬಂದಿತ್ತು. ಗ್ಯಾರೇಜಿನಲ್ಲಿ ಐದೂವರೆ ಸಾವಿರ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅತ್ತೆ ಮಾತ್ರ, "ಹಾಳೆ ಇನ್ನೂ ಇದೆ, ನಾಳೆ ಬೆಳಿಗ್ಗೆ ಏಳು" ಎಂದರು. ಮಾರ್ಚ್ ಮಧ್ಯದ ಹೊತ್ತಿಗೆ ಒಂದೇ ಹಾಳೆ ನಾಲ್ಕು ದಿನ ಬಂತು. ಕ್ಲಚ್ ಬಿಡುವಾಗ ಹಿಮ್ಮಡಿಯನ್ನು ಎಲ್ಲಿ ಊರುತ್ತೇನೆ ಎಂಬುದನ್ನು ಮೈದುನನಿಗೂ ಹೇಳಿಲ್ಲ.

ಎರಡನೆಯ ಸಲ ಏರು ಹೂವೆತ್ತಿದಂತೆ ಆಯಿತು. ಆದರೂ ಫೇಲು. "ಹೊರಡುವಾಗ ಹಿಂದೆ ಯಾರಿದ್ದಾರೆ ಎಂದು ಒಮ್ಮೆಯೂ ನೋಡಲಿಲ್ಲವಲ್ಲ ಅಮ್ಮಾ" ಎಂದರು ಇನ್‌ಸ್ಪೆಕ್ಟರ್. ಸರಿಯಾದ ಮಾತು. ಗದ್ದೆಯಲ್ಲಿ ನನ್ನ ಹಿಂದೆ ಬೆಳ್ಳಕ್ಕಿ ಬಿಟ್ಟರೆ ಯಾರಿದ್ದರು? ಕೊನೆಗೌಡ ಹೇಳಿದ್ದರಲ್ಲಿ ಅಷ್ಟು ಸತ್ಯವಿತ್ತು. ಏಳು ದಿನ ಬಿಟ್ಟು ಮತ್ತೆ ಹೋಗಬಹುದು, ಆದರೆ ಮೂರನೆಯದೂ ಹೋದರೆ ಅರವತ್ತು ದಿನ ಕಾಯಬೇಕು. ಅಷ್ಟರಲ್ಲಿ ಎಲ್‌ಎಲ್‌ಆರ್‌ನ ಆರು ತಿಂಗಳು ಮುಗಿದು ಮಳೆ ಹಿಡಿದಿರುತ್ತದೆ. ಆ ಸಲ ಅವಸರ ಮಾಡಲಿಲ್ಲ, ಮೂರು ವಾರ ತೆಗೆದುಕೊಂಡೆ. ಮೈದುನನ ಮಗನಿಗೆ ದಿನಕ್ಕೆ ಹತ್ತು ರೂಪಾಯಿ ಕೊಟ್ಟು, ಕಾರಿನಿಂದ ದೂರ ಹಿಂಬದಿಯ ಬದುವಿನ ಮೇಲೆ ಎರಡು ಪಂಚೆ ಹಿಡಿದು ನಿಲ್ಲಿಸಿದೆ, ಒಂದು ಕೆಂಪು, ಒಂದು ಬಿಳಿ. ನಾನು ಹೊರಡುವ ಮೊದಲು ಕನ್ನಡಿ ನೋಡಿ ಯಾವುದು ಎತ್ತಿದ್ದಾನೆಂದು ಕೂಗಿ ಹೇಳಬೇಕು. ತಪ್ಪಿದರೆ ಇಂಜಿನ್ ಆರಿಸಿ ಮೊದಲಿನಿಂದ. ಸಂಜೆ ಮೈದುನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಲೇಕಲ್ ರಸ್ತೆಯಲ್ಲಿ ಅದನ್ನೇ ಮಾಡಿದೆ, ಪಂಚೆಯ ಬದಲು ಹಿಂದೆ ಬರುವ ಬಸ್ಸು ಬೈಕುಗಳ ಹೆಸರು ಹೇಳುತ್ತ.

ಮೂರನೆಯ ಸಲ ಪಾಸಾದೆ. ನಾಲ್ಕೈದು ನಿಮಿಷದ ಕೆಲಸ.

ಖರ್ಚು ಹೇಳುತ್ತೇನೆ. ಸರಕಾರಿ ಶುಲ್ಕ, ಎರಡು ಸಲದ ಮರುಪರೀಕ್ಷೆ ಎಲ್ಲ ಸೇರಿ ಸಾವಿರದ ಮುನ್ನೂರರ ಸುಮಾರು. ವೈದ್ಯರಿಗೆ ಇನ್ನೂರು, ಬಾಡಿಗೆ ಕಾರಿಗೆ ಎಂಟುನೂರು, ಪೆಟ್ರೋಲಿಗೆ ಮೂರು ಸಾವಿರ. ವಿಮೆ ಮತ್ತು ಕ್ಲಚ್ ಪ್ಲೇಟ್ ಸೇರಿಸಿದರೆ ಶಾಲೆಯ ಲೆಕ್ಕವನ್ನೂ ಮೀರುತ್ತದೆ, ನಿಜ. ವಿಮೆ ಹೇಗೂ ಕಟ್ಟಬೇಕಿತ್ತು. ಕ್ಲಚ್ ನಾನು ಸುಟ್ಟದ್ದು. ಆದರೆ ನಾನು ಕೂತು ಓಡಿಸಿದ್ದು ನೂರು ತಾಸಿಗೆ ಕಡಿಮೆಯಿಲ್ಲ.

ಮೇ ತಿಂಗಳಲ್ಲಿ ದೇವಿಮನೆ ಘಟ್ಟ ಇಳಿದು ಅತ್ತೆಯನ್ನು ಕುಮಟಾಕ್ಕೆ ಕರೆದುಕೊಂಡು ಹೋದೆ. ವಾಪಸು ಹತ್ತುವಾಗ ಒಂದು ತಿರುವಿನಲ್ಲಿ ಮುಂದಿನ ಲಾರಿ ನಿಂತಿತು. ನನ್ನ ಹಿಂದೆ ಬಸ್ಸು, ಒಂದು ಮಾರೂ ದೂರವಿಲ್ಲ. ಕನ್ನಡಿ ನೋಡಿದೆ, "ಬಸ್ಸು" ಎಂದು ಬಾಯಿ ತಾನಾಗಿ ಹೇಳಿತು. ಲಾರಿ ಹೊರಟಿತು, ಕ್ಲಚ್ ಬಿಟ್ಟೆ. ಹಿಂದಿನ ಸೀಟಿನಲ್ಲಿ ಅತ್ತೆ ಕಿವಿಗೊಟ್ಟು ಕೂತಿದ್ದವರು, "ಹಾಳೆ ಸದ್ದಿಲ್ಲ" ಎಂದು ಎಲೆಯಡಿಕೆ ಚೀಲ ಬಿಚ್ಚಿದರು.