ಸೈಕಲ್ ಪಥಗಳಲ್ಲಿ ಯಾವುದು ಮೊದಲು? ದೀರ್ಘಾವಧಿ ಯೋಜನೆಯ ಆದ್ಯತಾ ಪಟ್ಟಿ ಸಿದ್ಧಪಡಿಸುವ ಬಗೆ

ನಗರವೊಂದರ 20 ವರ್ಷಗಳ ಸೈಕಲ್ ಯೋಜನೆಯ ನಕ್ಷೆಯಲ್ಲಿ ಎಲ್ಲ ಗೆರೆಗಳೂ ಸಮಾನವಾಗಿ ಕಾಣುತ್ತವೆ. ಕೈಯಲ್ಲಿರುವ ಹಣಕ್ಕೆ ಅವುಗಳಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂಬುದನ್ನು ಪ್ರತ್ಯೇಕವಾಗಿಯೇ ನಿರ್ಧರಿಸಬೇಕಾಗುತ್ತದೆ.

ಆದ್ಯತೆ ಗೊತ್ತುಮಾಡಲು ಪ್ರತಿ ಕಾಮಗಾರಿಗೂ ಅಂಕ ಕೊಡುವುದಕ್ಕೆ ಮುಂಚೆ, ಒಂದು ಕಾಮಗಾರಿ ಎಂದರೆ ಏನೆಂಬುದನ್ನು ಗೊತ್ತುಮಾಡಿಕೊಳ್ಳಿ. ರಸ್ತೆಯ ಹೆಸರಿನ ಪ್ರಕಾರ ಪಟ್ಟಿ ಮಾಡುವ ರೂಢಿಯನ್ನು ಬಿಟ್ಟು, ಬಡಾವಣೆಯೊಂದನ್ನು ಶಾಲೆಗೋ ಮಾರುಕಟ್ಟೆಗೋ ರೈಲು ನಿಲ್ದಾಣಕ್ಕೋ ಪೂರ್ತಿಯಾಗಿ ಜೋಡಿಸುವ ಮಾರ್ಗವನ್ನು ಒಂದು ಕಾಮಗಾರಿ ಎಂದು ಎಣಿಸುವುದು ಮೇಲು. 2012ರಲ್ಲಿ ಅಮೆರಿಕದ ಸಂಶೋಧಕರು ಮುಂದಿಟ್ಟ ‘ಸಂಚಾರ ಒತ್ತಡ ಮಟ್ಟ’ದ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಅದು ರಸ್ತೆಗಳನ್ನು ಮಕ್ಕಳೂ ಸಾಗಬಹುದಾದ 1ನೇ ಮಟ್ಟದಿಂದ ಗಟ್ಟಿ ಧೈರ್ಯದವರಷ್ಟೇ ಇಳಿಯುವ 4ನೇ ಮಟ್ಟದವರೆಗೆ ವಿಂಗಡಿಸುತ್ತದೆ. ಮಾರ್ಗದ ಮಟ್ಟವನ್ನು ಸರಾಸರಿಯಿಂದಲ್ಲದೆ ಅದರ ಅತಿ ಕೆಟ್ಟ ತುಂಡಿನಿಂದ ಅಳೆಯುತ್ತದೆ.

ಎರಡು ಕಿಲೋಮೀಟರ್ ಉದ್ದದ ಪ್ರಶಾಂತವಾದ ಒಳರಸ್ತೆಯೊಂದು ಸಿಗ್ನಲ್ ಇಲ್ಲದ ಆರು ಪಥಗಳ ರಸ್ತೆಗೆ ಬಂದು ಸೇರುತ್ತದೆ ಎಂದುಕೊಳ್ಳಿ. ನಡುವಿನ ವಿಭಜಕ ಒಂದು ಮೀಟರ್ ಅಗಲವಿದೆ, ಸೈಕಲ್ಲಿನ ಉದ್ದ ಸುಮಾರು 1.8 ಮೀಟರ್. ಅರ್ಧ ದಾಟಿ ನಿಂತವನ ಒಂದು ಗಾಲಿ ವಾಹನಗಳ ದಾರಿಯಲ್ಲೇ ಉಳಿಯುತ್ತದೆ. ತಾಯಿ ಮಗಳನ್ನು ಈ ದಾರಿಯಲ್ಲಿ ಶಾಲೆಗೆ ಕಳಿಸುವುದಿಲ್ಲ. ಇಂಥ ಒಂದು ದಾಟುಜಾಗವನ್ನು ಸರಿಪಡಿಸಿದರೆ ಎರಡು ಕಿಲೋಮೀಟರ್ ಬಳಕೆಗೆ ಬರುತ್ತದೆ. ಆದರೆ ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂಬ ಗುರಿಯ ಲೆಕ್ಕದಲ್ಲಿ ಅದು ಸೊನ್ನೆ. ಉದ್ದದ ಗುರಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಮಾನದಂಡಗಳು ಐದಾರಕ್ಕಿಂತ ಹೆಚ್ಚು ಬೇಡ: ಜೋಡಣೆ, ಸುರಕ್ಷತೆ, ಸಂಭಾವ್ಯ ಬಳಕೆ, ವಾಹನವಿಲ್ಲದ ಕುಟುಂಬಗಳಿಗೆ ಸಿಗುವ ಅನುಕೂಲ, ಸಾರ್ವಜನಿಕ ಸಾರಿಗೆಯ ಸಂಪರ್ಕ. ಬಳಕೆಯನ್ನು ಅಂದಾಜಿಸುವಾಗ ಈಗ ಓಡಾಡುತ್ತಿರುವ ಸೈಕಲ್‌ಗಳನ್ನಷ್ಟೇ ಎಣಿಸಿದರೆ ಮೋಸಹೋಗುತ್ತೀರಿ, ಏಕೆಂದರೆ ಭಯಂಕರವಾದ ರಸ್ತೆಯಲ್ಲಿ ಸೈಕಲ್ಲೇ ಇರುವುದಿಲ್ಲ. ಅಪಘಾತದ ಅಂಕಿಗಳಿಗೂ ಇದೇ ಮಾತು ಅನ್ವಯಿಸುವುದರಿಂದ ಅವುಗಳ ಜೊತೆಗೆ ವಾಹನಗಳ ವೇಗವನ್ನೂ ದಟ್ಟಣೆಯನ್ನೂ ನೋಡಬೇಕು, ಐದು ಕಿಲೋಮೀಟರ್‌ಗಿಂತ ಕಡಿಮೆ ದೂರದ ಪ್ರಯಾಣಗಳು ಎಲ್ಲಿ ಹೆಚ್ಚಿವೆ ಎಂಬುದನ್ನು ಗಮನಿಸಬೇಕು.

ಯಾವ ಮಾನದಂಡಕ್ಕೆ ಎಷ್ಟು ತೂಕ ಎಂಬುದನ್ನು ಕಾಮಗಾರಿಗಳ ಅಂಕಗಳು ಹೊರಬೀಳುವ ಮೊದಲೇ ಬರೆದಿಡಬೇಕು; ಇಲ್ಲವಾದರೆ ಬೇಕಾದ ರಸ್ತೆ ಮೇಲೇರುವ ಹಾಗೆ ತೂಕವನ್ನೇ ಬದಲಿಸುವ ಒತ್ತಡ ಬರುತ್ತದೆ. ಅಂಕ ಸಿದ್ಧವಾದ ಬಳಿಕ ತೂಕಗಳನ್ನು ಸ್ವಲ್ಪ ಅತ್ತಿತ್ತ ಮಾಡಿ ನೋಡಿ. ಏನೇ ಮಾಡಿದರೂ ಮೇಲೆಯೇ ಉಳಿಯುವ ಕಾಮಗಾರಿಗಳು ನಿಜಕ್ಕೂ ಮೊದಲ ಸಾಲಿನವು.

ವೆಚ್ಚವನ್ನು ಈ ಅಂಕದೊಳಗೆ ಬೆರೆಸಬೇಡಿ. ಬೆರೆಸಿದರೆ ಬಣ್ಣ ಬಳಿಯುವಂಥ ಅಗ್ಗದ ಕೆಲಸಗಳೇ ಮುಂದೆ ಬರುತ್ತವೆ. ಅಗತ್ಯದ ಕ್ರಮ ತಿಳಿದ ಮೇಲೆ ವೆಚ್ಚವನ್ನೂ ಜಾಗದ ಲಭ್ಯತೆಯನ್ನೂ ಪರಿಶೀಲಿಸಿ, ಡಾಂಬರು ಅಥವಾ ಒಳಚರಂಡಿ ಕೆಲಸಕ್ಕೆ ಯಾವ ರಸ್ತೆಯನ್ನು ಯಾವಾಗ ಅಗೆಯುತ್ತಾರೆ ಎಂಬ ವೇಳಾಪಟ್ಟಿಯೊಂದಿಗೆ ಹೋಲಿಸಿ. ಹೇಗೂ ಅಗೆಯುವ ರಸ್ತೆಯಲ್ಲಿ ಪಥಕ್ಕೆ ತಗಲುವ ಹೆಚ್ಚುವರಿ ಖರ್ಚು ಕಡಿಮೆ.

ಚದುರಿದ ತುಣುಕುಗಳಿಗಿಂತ ಒಂದೇ ಭಾಗದಲ್ಲಿ ಕೂಡಿಕೊಂಡ ಪುಟ್ಟ ಜಾಲ ಹೆಚ್ಚು ಜನರನ್ನು ಸೆಳೆಯುತ್ತದೆ. ಸ್ಪೇನಿನ ಸೆವಿಲ್ 2006ರಿಂದ ಕೆಲವೇ ವರ್ಷಗಳಲ್ಲಿ ಸುಮಾರು 80 ಕಿಲೋಮೀಟರ್‌ಗಳ ಪ್ರತ್ಯೇಕ ಪಥಗಳನ್ನು ಒಂದಕ್ಕೊಂದು ಕೂಡುವಂತೆ ಕಟ್ಟಿದಾಗ ಅಲ್ಲಿ ಸೈಕಲ್ ಬಳಕೆ ಹಲವು ಪಟ್ಟು ಏರಿತು. ಹೀಗೆ ಒಂದು ಮಾರ್ಗ ಮುಗಿದರೆ ಪಕ್ಕದ ಮಾರ್ಗಗಳ ಜೋಡಣೆಯ ಅಂಕವೂ ಬದಲಾಗಿ, 14ನೆಯ ಸ್ಥಾನದಲ್ಲಿದ್ದದ್ದು ಮೂರಕ್ಕೆ ಏರಬಹುದಾದ್ದರಿಂದ, ಪ್ರತಿ ಬಜೆಟ್‌ಗೂ ಮುನ್ನ ಪಟ್ಟಿಯನ್ನು ಹೊಸದಾಗಿ ಲೆಕ್ಕ ಹಾಕಬೇಕು.