ಪುಸ್ತಕ ಕೊಳ್ಳೋಕೆ ಮುಂಚೆ ರಿಸರ್ವ್ ಡೆಸ್ಕಿಗೆ ಹೋಗಿ: ಅಮೆರಿಕಕ್ಕೆ ಓದೋಕೆ ಬರ್ತಿರೋ ನಮ್ಮ ಹುಡುಗ ಹುಡುಗೀರಿಗೆ

2009ರ ಆಗಸ್ಟಲ್ಲಿ ಎಂ.ಎಸ್ ಮಾಡೋಕೆ ಅಂತ ಬಂದ ಮೊದಲ್ನೇ ಸೆಮಿಸ್ಟರಲ್ಲೇ ನಾನು 180 ಡಾಲರ್ ಕೊಟ್ಟು ಒಂದು ಟೆಕ್ಸ್ಟ್‌ಬುಕ್ ಕೊಂಡೆ. ಆಗ ಡಾಲರಿಗೆ 48 ರೂಪಾಯಿ ಹತ್ರ ಇತ್ತು, ಅಂದ್ರೆ ಎಂಟೂವರೆ ಸಾವಿರದ ಮೇಲಾಯ್ತು. ನಮ್ಮದು ತಿಪಟೂರು ಸೀಮೆ, ಮನೇಲಿ ಯಾವ ಲೆಕ್ಕ ಹಾಕಿದ್ರೂ ಕೊಬ್ಬರೀಲೇ ಹಾಕೋದು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಗಿಟಕಾದ ಕೊಬ್ಬರಿ, ಹೆಚ್ಚು ಕಮ್ಮಿ ಎರಡು ಕ್ವಿಂಟಾಲಿನ ದುಡ್ಡು, ಒಂದೇ ಒಂದು ಪುಸ್ತಕಕ್ಕೆ ಹೋಯ್ತು. ಅದೇ ಪುಸ್ತಕದ ಎರಡು ಕಾಪಿ ನಮ್ಮ ಯೂನಿವರ್ಸಿಟಿ ಲೈಬ್ರರಿ ಕೌಂಟರಿನ ಹಿಂದಿನ ರ‍್ಯಾಕಲ್ಲಿ ನಮ್ಮ ಕ್ಲಾಸಿಗೇ ಅಂತ ಎತ್ತಿಟ್ಟಿದ್ರು, ದುಡ್ಡಿಲ್ಲದೆ ಓದ್ಬಹುದಿತ್ತು ಅಂತ ನನಗೆ ಗೊತ್ತಾಗಿದ್ದು ಅಕ್ಟೋಬರಲ್ಲಿ. ಅಪ್ಪನಿಗೆ ಈ ವಿಷ್ಯ ಇವತ್ತಿಗೂ ಹೇಳಿಲ್ಲ ನಾನು.

ನಾನು ಹುಡುಕದೇ ಕೊಂಡವಳಲ್ಲ, ಅದೇ ಹೊಟ್ಟೆ ಉರಿಯೋದು. ಕೊಳ್ಳೋಕೆ ಮುಂಚೆ ಲೈಬ್ರರಿ ಕ್ಯಾಟಲಾಗಲ್ಲಿ ನೋಡಿದ್ದೆ, ಪುಸ್ತಕದ ಮುಂದೆ ‘ಆನ್ ರಿಸರ್ವ್’ ಅಂತ ಬಂತು. ರಿಸರ್ವ್ ಅಂದ್ರೆ ನಮಗೆ ಗೊತ್ತಿರೋದು ಏನು ಹೇಳಿ, ರೈಲಿನ ಸೀಟು, ಇಲ್ಲಾ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಸೀಟು. ಯಾರೋ ನನಗಿಂತ ಮುಂಚೆ ಬಂದು ಹಿಡ್ಕೊಂಡಿದ್ದಾರೆ, ನಮಗೆ ಸಿಗಲ್ಲ ಅಂತ ಅಂದ್ಕೊಂಡು ಬಾಯಿ ಮುಚ್ಕೊಂಡು ಹೊರಗೆ ಬಂದೆ. ಇಲ್ಲಿ ಆ ಪದದ ಅರ್ಥ ಪೂರ್ತಿ ಉಲ್ಟಾ. ಯಾರೊಬ್ಬರೂ ಇಡೀ ಸೆಮಿಸ್ಟರ್ ಮನೆಗೆ ಒಯ್ದು ಇಟ್ಕೋಬಾರದು, ಕ್ಲಾಸಿನ ಎಲ್ಲರಿಗೂ ಸಿಗ್ಬೇಕು ಅಂತ ಮೇಷ್ಟ್ರು ಎತ್ತಿಡಿಸಿರೋ ಪುಸ್ತಕ ಅದು. ‘ಆನ್ ರಿಸರ್ವ್’ ಅಂತ ಕಂಡ್ರೆ ಖುಷಿ ಪಡಿ, ನಿಮಗೋಸ್ಕರ ಇಟ್ಟಿದ್ದಾರೆ ಅಂತ ಅರ್ಥ.

ಎಸ್‌ಎಸ್‌ಎನ್ನು (ಸೋಶಿಯಲ್ ಸೆಕ್ಯುರಿಟಿ ನಂಬರು), ಬ್ಯಾಂಕು, ಇನ್ಶೂರೆನ್ಸು ಎಲ್ಲಾ ಓರಿಯೆಂಟೇಶನ್‌ನಲ್ಲಿ ಹೇಳ್ತಾರೆ, ಕಾಲೇಜ್ ಐಡಿ ಕಾರ್ಡ್ ಮಾತ್ರ ಮೊದಲ ದಿನವೇ ಮಾಡಿಸ್ಕೊಳಿ, ಅದೇ ಲೈಬ್ರರಿ ಕಾರ್ಡು ಕೂಡ.

ಪುಸ್ತಕ ಹುಡುಕೋದು ಹೀಗೆ. ಲೈಬ್ರರಿ ವೆಬ್‌ಸೈಟಲ್ಲಿ ‘ಕೋರ್ಸ್ ರಿಸರ್ವ್ಸ್’ ಅಂತ ಬೇರೆ ಜಾಗ ಇರತ್ತೆ, ಅಲ್ಲಿ ಪುಸ್ತಕದ ಹೆಸರಿಗಿಂತ ಕೋರ್ಸ್ ನಂಬರ್ ಇಲ್ಲಾ ಪ್ರೊಫೆಸರ್ ಹೆಸರು ಹಾಕಿ ಹುಡುಕಿ. ಒಂದೇ ಕೋರ್ಸನ್ನ ಇಬ್ಬರು ಪಾಠ ಮಾಡ್ತಿದ್ರೆ ಒಬ್ಬರು ಇಡಿಸಿರ್ತಾರೆ ಇನ್ನೊಬ್ಬರು ಇಡಿಸಿರಲ್ಲ, ಪುಸ್ತಕ ಅದೇ ಆಗಿದ್ರೆ ಇಡಿಸಿದವರ ಹೆಸರಲ್ಲಿರೋದನ್ನೂ ನೀವು ಕೇಳಿ ತಗೋಬಹುದು, ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ. ಕಾಲ್ ನಂಬರ್, ಅಂದ್ರೆ ಪುಸ್ತಕ ಕಪಾಟಲ್ಲಿ ಎಲ್ಲಿದೆ ಅಂತ ಹೇಳೋ ನಂಬರ್, ಬರ್ಕೊಂಡು ಕೌಂಟರಿಗೆ ಹೋಗಿ ಐಡಿ ಕೊಟ್ರೆ ಎರಡು ಗಂಟೆಗೋ ಮೂರು ಗಂಟೆಗೋ ಕೊಡ್ತಾರೆ, ಸಾಮಾನ್ಯವಾಗಿ ಲೈಬ್ರರಿ ಒಳಗೇ ಕೂತು ಓದ್ಬೇಕು. ಸ್ಕ್ಯಾನ್ ಮಾಡಿದ ಅಧ್ಯಾಯಗಳು, ಲೇಖನಗಳು ಕ್ಯಾನ್ವಾಸ್ ಥರದ ಕೋರ್ಸ್ ಪೇಜಲ್ಲೇ ಲಿಂಕ್ ಆಗಿರತ್ತೆ. ಇ-ಬುಕ್ ಇದ್ರೆ ಕೆಲವಕ್ಕೆ ಒಂದು ಹೊತ್ತಿಗೆ ಒಬ್ಬರೇ ಓದೋ ಲೈಸೆನ್ಸ್ ಇರತ್ತೆ, ಓದಿ ಆದ್ಮೇಲೆ ಟ್ಯಾಬ್ ಮುಚ್ಚಿ, ತೆರೆದಿಟ್ಟು ಮಲಗಿದ್ರೆ ಇನ್ನೊಬ್ಬರಿಗೆ ಬಾಗಿಲು ಹಾಕಿದ ಹಾಗೆ.

2010ರ ಜುಲೈಯಿಂದ ಒಂದು ಫೆಡರಲ್ ಕಾನೂನಿನ ಪ್ರಕಾರ ಕಾಲೇಜುಗಳು ಕೋರ್ಸ್ ಪಟ್ಟಿ ಹಾಕುವಾಗಲೇ ಬೇಕಾದ ಪುಸ್ತಕದ ಐಎಸ್‌ಬಿಎನ್ನು (ಪುಸ್ತಕದ ಗುರುತಿನ ನಂಬರು), ಬೆಲೆ ತೋರಿಸ್ಬೇಕು, ಸಾಧ್ಯ ಆದಮಟ್ಟಿಗೆ. ನಾನು ಬಂದಾಗ ಅದೂ ಇರಲಿಲ್ಲ. ನೀವು ಊರಲ್ಲಿ ಇದ್ದಾಗಲೇ ಆ ನಂಬರ್ ತಗೊಂಡು ಲೈಬ್ರರಿ ಕ್ಯಾಟಲಾಗಲ್ಲಿ ನೋಡಿ. ಇಲ್ಲ ಅಂದ್ರೆ ಪ್ರೊಫೆಸರಿಗೆ ಎರಡೇ ಸಾಲು ಮೇಲ್ ಹಾಕಿ, ‘ಪುಸ್ತಕ ರಿಸರ್ವಲ್ಲಿ ಇಡಿಸ್ತೀರಾ’ ಅಂತ. ಕೇಳಿದ್ರೆ ಏನಂದ್ಕೋತಾರೋ ಅನ್ನೋ ಅಳುಕು ನಮ್ಮಲ್ಲಿ ಜಾಸ್ತಿ. ನನಗೆ ಗೊತ್ತಿರೋ ಯಾವ ಮೇಷ್ಟ್ರೂ ಇದಕ್ಕೆ ಬೇಜಾರು ಮಾಡ್ಕೊಂಡಿಲ್ಲ.

ಇಂಡಿಯನ್ ಎಡಿಷನ್ ತರ್ಲಾ ಬೇಡ್ವಾ ಅಂತ ಪ್ರತಿ ವರ್ಷ ಕೇಳ್ತಾರೆ. ತನ್ನಿ. ಥಾಯ್ಲೆಂಡಿಂದ ಕಾರ್ನೆಲ್‌ಗೆ ಗಣಿತ ಓದೋಕೆ ಬಂದಿದ್ದ ಸುಪಾಪ್ ಕೀರ್ತ್‌ಸೇಂಗ್ ಅನ್ನೋ ಹುಡುಗ ಊರಿನ ನೆಂಟರ ಹತ್ರ ಅಗ್ಗದ ಎಡಿಷನ್ ತರಿಸಿ ಇಲ್ಲಿ ಮಾರಿದ್ದಕ್ಕೆ ಪ್ರಕಾಶಕರು ಕೇಸ್ ಹಾಕಿ, ಅದು ಸುಪ್ರೀಂ ಕೋರ್ಟ್ ತನಕ ಹೋಗಿ 2013ರ ಮಾರ್ಚಲ್ಲಿ ಅವನ ಪರ 6-3ರಲ್ಲಿ ತೀರ್ಪಾಯ್ತು. ದುಡ್ಡು ಕೊಟ್ಟು ಕೊಂಡ ಅಸಲಿ ಪುಸ್ತಕ ಯಾವ ದೇಶದಲ್ಲಿ ಅಚ್ಚಾಗಿದ್ರೂ ಅದು ನಿಮ್ಮದು. ಆದ್ರೆ ನಾನು ಬಿದ್ದ ಹಳ್ಳ ನೋಡಿ: ನನ್ನ ಸೂಟ್‌ಕೇಸಲ್ಲಿ ಬಂದಿದ್ದ ಇಂಡಿಯನ್ ಎಡಿಷನ್‌ನಲ್ಲಿ ಪಾಠ ಎಲ್ಲಾ ಅದೇ, ಅಧ್ಯಾಯದ ಕೊನೆಯ ಲೆಕ್ಕಗಳ ನಂಬರು ಬೇರೆ. ಎರಡು ಹೋಂವರ್ಕ್ ಬೇರೆ ಲೆಕ್ಕ ಮಾಡಿ ಕೊಟ್ಟು ಎರಡಕ್ಕೂ ಸೊನ್ನೆ ಬಂತು. ಅದಾದ್ಮೇಲೆ ಗಾಬರಿಯಾಗಿ ಓಡಿ ಹೋಗಿ ಕೊಂಡಿದ್ದೇ ಆ 180 ಡಾಲರಿನ ಪುಸ್ತಕ. ನೀವು ರಿಸರ್ವ್ ಕಾಪಿ ತಗೊಂಡು ಲೆಕ್ಕಗಳ ಪುಟಗಳನ್ನ ಫೋನಲ್ಲಿ ಫೋಟೋ ತೆಗೆದ್ರೆ ಸಾಕು, ಹತ್ತು ನಿಮಿಷದ ಕೆಲಸ.

ಪುಟ ಅಂದೆ, ಇಡೀ ಪುಸ್ತಕ ಅನ್ನಲಿಲ್ಲ. ನಮ್ಮ ಕಾಲೇಜಿನ ಎದುರಿಗೆ ಝೆರಾಕ್ಸ್ ಅಂಗಡಿ ಇತ್ತು, ಸೀನಿಯರ್ ಒಬ್ಬರ ಪುಸ್ತಕ ಕೊಟ್ರೆ ಸಂಜೆಗೆ ಸ್ಪೈರಲ್ ಬೈಂಡ್ ಹಾಕಿ ಕೊಡ್ತಿದ್ರು, ಅದು ತಪ್ಪು ಅಂತ ನಮಗೆ ಯಾರೂ ಹೇಳಿರಲೂ ಇಲ್ಲ. ಇಲ್ಲೂ ಹಾಗೇ ಒಂದು ಶನಿವಾರ ಲೈಬ್ರರಿ ಸ್ಕ್ಯಾನರ್ ಮುಂದೆ ನಿಂತು ಪುಟ ಒಂದರಿಂದ ಶುರು ಮಾಡಿದೆ, ನೂರು ಪುಟ ದಾಟಿರ್ಬೇಕು, ಡೆಸ್ಕಿನ ಮೇಲ್ವಿಚಾರಕಿ ಹತ್ರ ಬಂದು ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ, ನಿನಗೆ ಬೇಕಾದ ಅಧ್ಯಾಯ ಯಾವುದು ಅಂತ ಕೇಳಿದ್ರು. ಬೈಯ್ಲಿಲ್ಲ. ಸ್ಕ್ಯಾನರ್ ಮೇಲೆ ಅಂಟಿಸಿದ್ದ ಕಾಪಿರೈಟ್ ಚೀಟಿ ತೋರಿಸಿ, ಸ್ವಂತ ಓದಿಗೆ ಒಂದಿಷ್ಟು ಭಾಗ ಆದ್ರೆ ಪರವಾಗಿಲ್ಲ, ಪುಸ್ತಕ ಕೊಳ್ಳೋ ಬದಲು ಇಡೀ ಪುಸ್ತಕ ಮಾಡ್ಕೊಂಡ್ರೆ ಅದು ಬೇರೆ ಅಂದ್ರು. ಇಲ್ಲಿ 1976ರ ಕಾಪಿರೈಟ್ ಕಾನೂನಿನ ‘ಫೇರ್ ಯೂಸ್’, ಅಂದ್ರೆ ಅನುಮತಿ ಕೇಳದೆ ಮಿತವಾಗಿ ಬಳಸೋ ಅವಕಾಶ, ಅದರ ಮೇಲೆ ಎಲ್ಲಾ ನಿಂತಿದೆ, ಇಂತಿಷ್ಟೇ ಪುಟ ಅಂತ ಗೆರೆ ಎಳೆದಿಲ್ಲ, ಅದಕ್ಕೇ ಲೈಬ್ರರಿಗಳು ಹುಷಾರಾಗಿರ್ತವೆ. ಜಾರ್ಜಿಯಾದ ಒಂದು ಯೂನಿವರ್ಸಿಟಿ ಮೇಲೆ ಮೂರು ಪ್ರಕಾಶಕರು ಇ-ರಿಸರ್ವ್ (ಆನ್‌ಲೈನಲ್ಲಿ ಇಡೋ ರಿಸರ್ವ್) ವಿಷಯಕ್ಕೇ 2008ರಲ್ಲಿ ಹಾಕಿದ ಕೇಸು ಮುಗಿದಿದ್ದು 2020ಕ್ಕೆ. ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ, 2016ರಲ್ಲಿ ದೆಹಲಿ ಹೈಕೋರ್ಟು ಪಾಠಕ್ಕೆ ಬೇಕಾದಷ್ಟು ಭಾಗ ಝೆರಾಕ್ಸ್ ಮಾಡಿ ಕೋರ್ಸ್ ಪ್ಯಾಕ್ ಕೊಡಬಹುದು ಅಂತ ಹೇಳ್ತು. ಓದೋ ಮಕ್ಕಳ ಕಡೆ ನಿಂತ ತೀರ್ಪು ಅದು, ನನಗೆ ಹೆಮ್ಮೆ ಇದೆ. ಆದ್ರೆ ಅದನ್ನ ಇಲ್ಲಿಗೆ ತಂದು ವಾದ ಮಾಡೋಕಾಗಲ್ಲ.

ಇನ್ನೊಂದು ತಪ್ಪು ಹೇಳ್ತೀನಿ, ಇದು ದುಡ್ಡಿನದಲ್ಲ. ಇನ್ನೊಂದು ಕೋರ್ಸಿನ ಮಿಡ್‌ಟರ್ಮಿನ ಹಿಂದಿನ ರಾತ್ರಿ ರಿಸರ್ವ್ ಪುಸ್ತಕ ತಗೊಂಡೆ. ಬಹಳ ಲೈಬ್ರರಿಗಳಲ್ಲಿ ಮುಚ್ಚೋಕೆ ಒಂದೆರಡು ಗಂಟೆ ಮುಂಚೆ ತಗೊಂಡ್ರೆ ಮನೆಗೆ ಒಯ್ಯೋಕೆ ಬಿಡ್ತಾರೆ, ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ವಾಪಸ್ ಕೊಡ್ಬೇಕು. ನಾನು ಬೆಳಗ್ಗೆ ಕೊಡ್ಲಿಲ್ಲ. ಎಕ್ಸಾಮ್ ಮಧ್ಯಾಹ್ನ ಇತ್ತು, ಇನ್ನೊಂದು ಅಧ್ಯಾಯ ಓದಿಬಿಡ್ತೀನಿ, ಫೈನ್ ಬಿದ್ರೆ ಕಟ್ತೀನಿ ಅಂದ್ಕೊಂಡೆ. ಫೈನು ಗಂಟೆ ಲೆಕ್ಕದಲ್ಲಿ ಬಿತ್ತು, ಕಟ್ಟೋ ತನಕ ಮುಂದಿನ ಸೆಮಿಸ್ಟರ್ ರಿಜಿಸ್ಟ್ರೇಶನ್‌ಗೂ ತಡೆ ಬಿತ್ತು. ಅದು ಹೋಗ್ಲಿ. ಮಧ್ಯಾಹ್ನ ಕೌಂಟರಿಗೆ ಹೋದಾಗ ಅಲ್ಲಿ ನಮ್ಮ ಕ್ಲಾಸಿನ ಒಬ್ಬ ಹುಡುಗಿ ಕೂತಿದ್ದಳು, ಬೆಳಗ್ಗೆ ಎಂಟರಿಂದ ಕಾಯ್ತಾ ಇದ್ದಳಂತೆ, ರಾತ್ರಿ ಪಾಳಿ ಕೆಲಸ ಮುಗಿಸಿ ಸೀದಾ ಬಂದಿದ್ದಳು, ಇನ್ನೊಂದು ಕಾಪಿ ಯಾರ ಹತ್ರಾನೋ ಇತ್ತು. ನನ್ನ ಕೈಲಿ ಪುಸ್ತಕ ನೋಡಿದಳು, ಏನೂ ಮಾತಾಡ್ಲಿಲ್ಲ, ಬ್ಯಾಗ್ ಎತ್ಕೊಂಡು ಎಕ್ಸಾಮ್ ಹಾಲಿಗೆ ಹೋದಳು. ನಾನು ಸಾರಿ ಕೂಡ ಕೇಳ್ಲಿಲ್ಲ, ಯಾಕೆ ಅಂತ ಇವತ್ತಿಗೂ ಅರ್ಥ ಆಗಲ್ಲ. ಊರಲ್ಲಿ ಆಗಿದ್ರೆ ರಾತ್ರಿನೇ ಅವಳ ರೂಮಿಗೆ ಹೋಗಿ ‘ಬಾರೇ, ಇಬ್ಬರೂ ಓದೋಣ’ ಅಂತ ಕರೀತಿದ್ದೆ. ಇಲ್ಲಿ ಅವಳ ಹೆಸರು ಕೂಡ ಕೇಳಿರಲಿಲ್ಲ.

ಆ ಘಟನೆ ಆದ್ಮೇಲೆ ಮುಂದಿನ ಸೆಮಿಸ್ಟರಲ್ಲಿ ಅದೇ ಡೆಸ್ಕಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಸೇರ್ಕೊಂಡೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡ್ಬಹುದು, ಲೈಬ್ರರಿ ಕೆಲಸ ಸಿಕ್ಕಿದ್ರೆ ಬಿಡ್ಬೇಡಿ. ಅಲ್ಲಿ ಕೂತಾಗ ಗೊತ್ತಾಯ್ತು, ಊರಲ್ಲಿ ಸೀನಿಯರ್‌ಗಳು ಮಾಡ್ತಿದ್ದ ಕೆಲಸ ಇಲ್ಲಿ ಆ ಡೆಸ್ಕು ಮಾಡ್ತಾ ಇದೆ. ನಮಗೆ ಪುಸ್ತಕ ಬಂದಿದ್ದೆಲ್ಲಾ ಒಬ್ಬರ ಕೈಯಿಂದ ಒಬ್ಬರಿಗೆ, ಮೊದಲ ಪುಟದಲ್ಲಿ ನಾಲ್ಕು ಜನರ ಹೆಸರು, ಒಂದೊಂದು ಹೊಡೆದು ಹಾಕಿ ಕೆಳಗೆ ಇನ್ನೊಂದು. ಇಲ್ಲಿ ಹೆಸರಿಲ್ಲ, ಬಾರ್‌ಕೋಡ್ ಇದೆ, ಆದ್ರೆ ಕೈ ಬದಲಾಯಿಸೋದು ಅದೇ.

ನೀವು ಟಿಎ (ಟೀಚಿಂಗ್ ಅಸಿಸ್ಟೆಂಟ್) ಆದ್ರೆ ಪುಸ್ತಕ ಕೊಡೋ ಕಡೆಗೂ ಬರ್ತೀರಿ. ಪ್ರೊಫೆಸರ್ ಪರವಾಗಿ ರಿಸರ್ವ್ ಫಾರ್ಮ್ ತುಂಬೋದು ನಿಮ್ಮ ತಲೆ ಮೇಲೇ ಬರತ್ತೆ. ಸೆಮಿಸ್ಟರ್ ಶುರು ಆಗೋಕೆ ಕೆಲವು ವಾರ ಮುಂಚೆನೇ ಕಳಿಸಿ, ಪುಸ್ತಕ ಇಲ್ದಿದ್ರೆ ಲೈಬ್ರರಿಯವರು ಕೊಳ್ಳೋಕೆ ಟೈಮ್ ಬೇಕಲ್ಲ, ದೊಡ್ಡ ಟೆಕ್ಸ್ಟ್‌ಬುಕ್ ಪ್ರಕಾಶಕರು ಇ-ಬುಕ್ಕನ್ನ ಲೈಬ್ರರಿಗೆ ಮಾರೋದೇ ಕಡಿಮೆ, ಕಾಗದದ್ದೇ ತರಿಸ್ಬೇಕು. ಪ್ರೊಫೆಸರ್ ತಮ್ಮ ಸ್ವಂತ ಕಾಪಿಯನ್ನೂ ಇಡಬಹುದು, ಅದಕ್ಕೆ ತಾತ್ಕಾಲಿಕ ಬಾರ್‌ಕೋಡ್ ಅಂಟಿಸಿ ಸೆಮಿಸ್ಟರ್ ಮುಗಿದ್ಮೇಲೆ ವಾಪಸ್ ಕೊಡ್ತಾರೆ. ನನ್ನ ಆ 180 ಡಾಲರಿನ ಪುಸ್ತಕವನ್ನ ನಾನು ಹಾಗೇ ಪ್ರೊಫೆಸರ್ ಮೂಲಕ ಮುಂದಿನ ಬ್ಯಾಚಿಗೆ ಇಡಿಸಿದೆ, ಮೂರನೇ ಕಾಪಿ ಆಯ್ತು. ಎಕ್ಸಾಮ್ ವಾರದಲ್ಲಿ ಅದು ಒಂದು ಗಂಟೆ ಕೂಡ ರ‍್ಯಾಕಲ್ಲಿ ಕೂರ್ತಾ ಇರಲಿಲ್ಲ, ಅದನ್ನ ಕೊಡುವಾಗ ತಗೊಳ್ಳುವಾಗ ನನಗೆ ಅಟ್ಟದ ಕೊಬ್ಬರಿ ನೆನಪಾಗ್ತಿತ್ತು.

ರಿಸರ್ವಲ್ಲಿ ಇಲ್ಲದ ಪುಸ್ತಕಕ್ಕೆ ಇಂಟರ್‌ಲೈಬ್ರರಿ ಲೋನ್ ಅಂತ ಇದೆ, ಬೇರೆ ಊರಿನ ಲೈಬ್ರರಿಯಿಂದ ತರಿಸಿ ಕೊಡ್ತಾರೆ, ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಖರ್ಚಿಲ್ಲ. ಟೆಕ್ಸ್ಟ್‌ಬುಕ್‌ಗೆ ಅದನ್ನ ನಂಬ್ಕೋಬೇಡಿ, ಬಂದ್ರೂ ಕೆಲವೇ ವಾರಕ್ಕೆ ಬರತ್ತೆ. ಕನ್ನಡ ಪುಸ್ತಕಕ್ಕೆ ಮಾತ್ರ ಇದು ಬಂಗಾರ. ಅಮೆರಿಕದ ದೊಡ್ಡ ಯೂನಿವರ್ಸಿಟಿಗಳಲ್ಲಿ ಇಷ್ಟೊಂದು ಕನ್ನಡ ಪುಸ್ತಕ ಹೇಗೆ ಬಂತು ಅಂದ್ರೆ ಅದು ಗೋಧಿಯಿಂದ. 1954ರ ಪಬ್ಲಿಕ್ ಲಾ 480 ಅನ್ನೋ ಅಮೆರಿಕದ ಕಾನೂನಿನ ಪ್ರಕಾರ ನಮಗೆ ಬಂದ ಗೋಧಿಗೆ ನಾವು ರೂಪಾಯೀಲಿ ದುಡ್ಡು ಕೊಟ್ವಿ, ಆ ರೂಪಾಯೀಲಿ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ (ಅಮೆರಿಕದ ಸಂಸತ್ತಿನ ಲೈಬ್ರರಿ) ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ಲೈಬ್ರರಿಗಳಿಗೆ ಹಂಚ್ತು. ನಮ್ಮಜ್ಜಿ ರೇಷನ್ನಿನ ಕೆಂಪು ಗೋಧಿ ಅಂತ ಮೂಗು ಮುರೀತಿದ್ರು, ರಾಗಿ ತಿಂದ ಬಾಯಿ ಅದು. ಆ ಗೋಧಿಯ ಲೆಕ್ಕದಲ್ಲಿ ಹಡಗು ಹತ್ತಿದ ಪುಸ್ತಕಗಳು ನಾನು ಬರೋಕೆ ಎಷ್ಟೋ ವರ್ಷ ಮುಂಚೆನೇ ಇಲ್ಲಿ ಬಂದು ಕೂತಿದ್ವು.

ಹುಡುಕುವಾಗ ಒಂದು ಗುಟ್ಟು. ಕ್ಯಾಟಲಾಗಲ್ಲಿ ಕನ್ನಡದ ಹೆಸರು ಇಂಗ್ಲಿಷ್ ಅಕ್ಷರದಲ್ಲಿರತ್ತೆ, ಆದ್ರೆ ನಾವು ವಾಟ್ಸಾಪಲ್ಲಿ ಬರೆಯೋ ಹಾಗಲ್ಲ. ಚ ಬಂದ ಕಡೆ ಸಿ ಒಂದೇ, ಪಕ್ಕದಲ್ಲಿ ಎಚ್ ಹಾಕ್ಬೇಡಿ. ಶ ಬಂದ ಕಡೆ ಎಸ್ ಒಂದೇ. ಕೃ ಬಂದ ಕಡೆ ಕೆ, ಆರ್ ಅಷ್ಟೇ, ಯು ಬೇಡ. ಮೇಲೆ ಕೆಳಗೆ ಇರೋ ಚುಕ್ಕಿ ಗೆರೆ ಬಿಟ್ರೂ ನಡೆಯತ್ತೆ. ಚರಿತ್ರೆ ಅಂತ ನಮ್ಮ ರೂಢಿಯಂತೆ ಟೈಪ್ ಮಾಡಿ ಎರಡು ವರ್ಷ ಏನೂ ಸಿಗದೆ, ಇಲ್ಲಿ ಕನ್ನಡ ಇಲ್ವೇ ಇಲ್ಲ ಅಂತ ನಾನು ನಂಬಿದ್ದೆ. ಕಪಾಟಲ್ಲಿ ನೋಡೋದಾದ್ರೆ ಕನ್ನಡ ಸಾಹಿತ್ಯದ ಕಾಲ್ ನಂಬರ್ ಪಿಎಲ್ 4650ರಿಂದ 4659, ಅಲ್ಲಿಂದ ಸ್ವಲ್ಪ ಮುಂದೆ ಮಲಯಾಳಂ, ತಮಿಳು, ತೆಲುಗು.

ನನ್ನ ಮಗಳಿಗೆ ಈಗ ಹದಿಮೂರು. ಕನ್ನಡ ಕೂಟದ ಭಾನುವಾರದ ಕ್ಲಾಸಲ್ಲಿ ಅಕ್ಷರ ಕಲ್ತಿದ್ದಾಳೆ, ಒತ್ತಕ್ಷರ ಬಂದ್ರೆ ನಿಲ್ತಾಳೆ. ಕಳೆದ ಚಳಿಗಾಲದಲ್ಲಿ ಅವಳಿಗೆ ಅಂತ ಒಂದು ಹಳೇ ಮಕ್ಕಳ ಕಥೆ ಪುಸ್ತಕ ಬೇರೆ ರಾಜ್ಯದ ಲೈಬ್ರರಿಯಿಂದ ತರಿಸಿದ್ದೆ. ಸುತ್ತಿದ ಕಾಗದದ ಪಟ್ಟಿ ಮೇಲಿನ ಇಂಗ್ಲಿಷ್ ಅಕ್ಷರದ ಹೆಸರನ್ನ ಅವಳು ಓದಿದಳು, ಚ ಇರೋ ಕಡೆಯೆಲ್ಲಾ ಕ ಅಂತ, ಒಳಗಿನ ಅಕ್ಷರ ನಾನು ಓದ್ದೆ. ದಿನಕ್ಕೊಂದು ಪುಟ ಅಂತ ಶುರು ಮಾಡಿ ಹನ್ನೊಂದನೇ ಪುಟಕ್ಕೆ ಬಂದಾಗ ರಿನ್ಯೂವಲ್ ಕೇಳಿದೆ, ಆಗಲ್ಲ, ಬೇರೆ ಯಾರೋ ಕೇಳಿದ್ದಾರೆ, ವಾಪಸ್ ಕಳಿಸಿ ಅಂತ ಮೇಲ್ ಬಂತು. ಅವಳಿಗೆ ಬೇಜಾರಾಗತ್ತೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ, ‘ಯಾರಮ್ಮಾ ಅದು? ಅವರ ಮನೇಲೂ ಕನ್ನಡ ಮಾತಾಡ್ತಾರಾ?’ ಆ ವಾರದಲ್ಲಿ ಇಬ್ಬರೂ ಕೂತು ದಿನಕ್ಕೆ ನಾಲ್ಕು ನಾಲ್ಕು ಪುಟ ಓದಿ ಮುಗಿಸಿದ್ವಿ, ಗಡುವಿಗೆ ಒಂದು ದಿನ ಮುಂಚೆ ಅವಳೇ ತಗೊಂಡ್ಹೋಗಿ ಡೆಸ್ಕಲ್ಲಿ ಕೊಟ್ಟು ಬಂದಳು.